ಅಂಗಳದ ಅಂಚು ಯಾರದು?



ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದವರೆಗೆ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಈ ಸಲ ಏನು ಮಾಡೋಣ ಎಂದು ನಮ್ಮ ಯುವಜನರ ಕೂಟದಲ್ಲಿ ಮಾತು ಬಂತು. ಒಂದು ದಿನ ಸಸಿ ನೆಟ್ಟು, ಫೋಟೊ ತೆಗೆದು, ಮರುವಾರ ಮರೆತುಬಿಡುವುದು ಯಾರಿಗೂ ಇಷ್ಟವಿರಲಿಲ್ಲ. ನಮ್ಮ ನಮ್ಮ ಮನೆಯಿಂದಲೇ ಶುರು ಮಾಡೋಣ, ಬರಿದಾಗಿರುವ ಅಂಗಳ ಹಿತ್ತಲುಗಳಲ್ಲಿ ಈ ಸೀಮೆಯ ಗಿಡಗಳನ್ನು ಬೆಳೆಸಿ ಹಕ್ಕಿ, ಚಿಟ್ಟೆ, ಜೇನು, ಕಪ್ಪೆ, ಓತಿಕ್ಯಾತಗಳಿಗೂ ಸ್ವಲ್ಪ ಜಾಗ ಮಾಡಿಕೊಡೋಣ ಎಂದು ತೀರ್ಮಾನವಾಯಿತು.

ಮನೆಮನೆಗೆ ಹೋಗಿ ಇದನ್ನು ಹೇಳಿದಾಗ ಮೂರು ಪ್ರಶ್ನೆಗಳು ಎದುರಾದವು. ಕೇಳಿದವರು ಬೇರೆ ಬೇರೆ ವಯಸ್ಸಿನವರು, ಬೇರೆ ಬೇರೆ ಕಷ್ಟದವರು. ಮೂರೂ ಮೇಲ್ನೋಟಕ್ಕೆ ಗಿಡದ ಪ್ರಶ್ನೆಗಳು; ಒಳಗೆ ಹೋದರೆ ನ್ಯಾಯ ಅನ್ಯಾಯದ ಪ್ರಶ್ನೆಗಳು. ಅಲ್ಲೇ ನಿಂತು ಚುಟುಕಾಗಿ ಉತ್ತರ ಹೇಳಿ ಬರುವಂಥವಲ್ಲ. ಆದ್ದರಿಂದ ನಾವು ಕೂಟದಲ್ಲಿ ಕೂತು ಯೋಚಿಸಿದ್ದನ್ನು ಈ ಪತ್ರಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲನೆಯ ಪ್ರಶ್ನೆ ಒಬ್ಬ ಅಜ್ಜಿಯದು. “ಅಂಗಳ ಗುಡಿಸ್ದೆ ಬುಟ್ರೆ ಆ ಮನೇಲಿ ಹೆಣ್ಮಕ್ಕಳೇ ಇಲ್ವೇನೋ ಅಂತಾರೆ ಕಣ್ ಮಗ. ನೀವು ನೋಡುದ್ರೆ ಕಸ ಬೆಳಸಿ ಅಂತೀರಿ. ದೇವ್ರು ಮೆಚ್ಚೋದು ಚೊಕ್ಕಟವಾಗಿರೋ ಮನೇನಲ್ವಾ?”

ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹೊತ್ತು ಹುಟ್ಟುವ ಮೊದಲೇ ಎದ್ದು ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸುವ ಕೆಲಸ ನಮ್ಮ ತಾಯಂದಿರದು, ಅಜ್ಜಿಯಂದಿರದು. ಬಡವರ ಮನೆಗೂ ಅದೊಂದು ಮರ್ಯಾದೆ. ಆ ಅಂಗಳಕ್ಕೆ ಉಪಯೋಗವೂ ಇತ್ತು. ಅಲ್ಲೇ ರಾಗಿ ಒಣಗಿದ್ದು, ಹುರುಳಿ ಬಡಿದದ್ದು, ಮದುವೆ ಚಪ್ಪರ ಹಾಕಿದ್ದು, ಸಾವಿನ ಮನೆಯಲ್ಲಿ ಜಪಸರಕ್ಕೆ ಜನ ಕೂತದ್ದು. ಕತ್ತಲಲ್ಲಿ ಹಾವು ಹರಿದರೆ ಕಣ್ಣಿಗೆ ಕಾಣುತ್ತಿದ್ದದ್ದೂ ಗುಡಿಸಿದ ನೆಲದ ಮೇಲೆಯೇ.

ಆದರೆ ಅಜ್ಜಿಯ ಕಾಲದ ಅಂಗಳವನ್ನು ಸರಿಯಾಗಿ ನೆನಪು ಮಾಡಿಕೊಳ್ಳೋಣ. ನಡುವೆ ಗುಡಿಸಿದ ನೆಲ. ಸುತ್ತ ಜೀವಂತ ಬೇಲಿ. ಕಳ್ಳಿ, ಎಕ್ಕ, ಲಕ್ಕಿ, ತಂಗಡಿ, ಅವುಗಳ ಮೇಲೆ ಹಬ್ಬಿದ ತೊಂಡೆ ಬಳ್ಳಿ. ಹಿತ್ತಲಲ್ಲಿ ಕರಿಬೇವು, ನುಗ್ಗೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬೇಲಿಯ ಬುಡದಲ್ಲಿ ಮಳೆಗಾಲಕ್ಕೆ ತಾನಾಗಿ ಏಳುವ ತುಂಬೆ. ಗುಬ್ಬಚ್ಚಿಯೂ ಓತಿಕ್ಯಾತವೂ ಬದುಕಿದ್ದು ಆ ಅಂಚಿನಲ್ಲಿ. ಮನೆಯವರಿಗೆ ನಡುವಿನ ಜಾಗ, ಉಳಿದವರಿಗೆ ಅಂಚು. ಯಾರೂ ಬರೆದಿಡದ ಒಪ್ಪಂದ ಅದು.

ಈಗ ಹೋಗಿರುವುದು ಆ ಅಂಚು. ಬೇಲಿಯ ಜಾಗದಲ್ಲಿ ಕಾಂಪೌಂಡ್ ಗೋಡೆ ಬಂದಿದೆ, ಇಲ್ಲವೇ ತಂತಿ. ಅಂಗಳಕ್ಕೆ ಸಿಮೆಂಟು ಬಿದ್ದಿದೆ. ಬೀಳದ ಕಡೆ ವರ್ಷಕ್ಕೆರಡು ಸಲ ಕಳೆನಾಶಕ ಹೊಡೆಯುತ್ತೇವೆ. ಉದುರಿದ ಎಲೆಗೆ ಸಂಜೆ ಬೆಂಕಿ. ಇದು ಪೊರಕೆ ಮಾಡಿದ ಕೆಲಸವಲ್ಲ. ಪೊರಕೆ ಗುಡಿಸಿದ ಮಣ್ಣಿನಲ್ಲಿ ಜೀವ ಉಳಿಯುತ್ತದೆ. ಜೇನುನೊಣಗಳೆಂದರೆ ಗೂಡು ಕಟ್ಟಿ ಒಟ್ಟಾಗಿ ಬಾಳುವವು ಮಾತ್ರವಲ್ಲ. ಒಂಟಿಯಾಗಿ ಬದುಕುವ ಎಷ್ಟೋ ಬಗೆಯ ಜೇನುನೊಣಗಳು ಬಿಸಿಲು ಬೀಳುವ ಬರಿ ಮಣ್ಣಿನಲ್ಲೇ ಸಣ್ಣ ತೂತು ಕೊರೆದು ಮೊಟ್ಟೆ ಇಡುತ್ತವೆ. ನಮ್ಮ ಬದನೆ, ಹೀರೆ, ಸೋರೆಗಳ ಹೂವಿಗೆ ಹೋಗುವವರಲ್ಲಿ ಇವೂ ಇವೆ. ಅಜ್ಜಿ ಗುಡಿಸಿದ ನೆಲ ಅವಕ್ಕೆ ಮನೆಯಾಗಬಲ್ಲದು, ನಾವು ಹಾಕಿಸಿದ ಸಿಮೆಂಟು ಆಗಲಾರದು. ಹಾಗಾಗಿ ಆ ಅಜ್ಜಿಗೆ ನಮ್ಮ ಉತ್ತರ ಇಷ್ಟೇ: ಅಜ್ಜಿ, ನಡುವೆ ಗುಡಿಸಿ. ಅಂಚನ್ನು ಬಿಡಿ.

ಅಂಚು ಬಿಟ್ಟರೆ ಅಲ್ಲಿ ಏನು ನಡೆಯುತ್ತದೆ? ಒಂದು ಕರಿಬೇವಿನ ಗಿಡವನ್ನೇ ನೋಡೋಣ. ರೆಕ್ಕೆಯ ಮೇಲೆ ಬಿಳಿ ಚುಕ್ಕಿಯ ಸಾಲಿರುವ ಕರಿ ಚಿಟ್ಟೆಯೊಂದು ಅದರ ಎಳೆ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲಿಗೆ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಶತ್ರುಗಳ ಕಣ್ಣು ತಪ್ಪಿಸಲು. ಬೆಳೆದ ಮೇಲೆ ಹಸಿರಾಗುತ್ತದೆ. ಕರಿಬೇವು, ನಿಂಬೆಯ ಜಾತಿಯ ಗಿಡಗಳನ್ನು ಬಿಟ್ಟರೆ ಅದು ಬೇರೆಡೆ ಬೆಳೆಯುವುದು ಕಷ್ಟ. ಎಕ್ಕದ ಗಿಡದಲ್ಲೂ ಹೀಗೆಯೇ. ಅದರ ಹಾಲು ವಿಷವಾದರೂ ಕಿತ್ತಳೆ ಬಣ್ಣದ ಒಂದು ಚಿಟ್ಟೆಯ ಮರಿಗೆ ಅದೇ ಊಟ; ಆ ವಿಷವನ್ನು ಮೈಯಲ್ಲಿ ಇಟ್ಟುಕೊಂಡು ಅದು ಹಕ್ಕಿಗಳಿಂದ ಪಾರಾಗುತ್ತದೆ. ಕಕ್ಕೆಮರಕ್ಕೆ ಅದರದೇ ಆದ ಹಳದಿ ಚಿಟ್ಟೆಗಳಿವೆ. ಇನ್ನು ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿ ಎನ್ನುತ್ತೇವೆ, ನಿಜ. ಆದರೆ ಗೂಡಿನಲ್ಲಿರುವ ಮರಿಗೆ ಅದು ತಂದು ಕೊಡುವುದು ಹುಳವನ್ನು. ಹುಳವೇ ಇಲ್ಲದ ಹಿತ್ತಲಲ್ಲಿ ನಾವು ಎಷ್ಟು ಅಕ್ಕಿ ಚೆಲ್ಲಿದರೂ ಮರಿಗಳು ಬೆಳೆಯವು.

ಹಾಗಾದರೆ ಹುಳ ತಿಂದ ಎಲೆ ಕೆಟ್ಟ ಎಲೆಯೇ? ಬಿಎಸ್ಸಿ ಪುಸ್ತಕದಲ್ಲಿ ಇದನ್ನು ಆಹಾರ ಸರಪಣಿ ಎಂದು ಓದಿ ಪರೀಕ್ಷೆ ಬರೆದಿದ್ದೆವು. ಹಿತ್ತಲಲ್ಲಿ ನಿಂತು ನೋಡಿದರೆ ಅದು ಬಡಿಸಿದ ಊಟದ ಹಾಗೆ ಕಾಣುತ್ತದೆ. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಒಂದು ಪ್ರಶ್ನೆ ಎತ್ತಿದ್ದರು: ದೇವರು ಇಷ್ಟೊಂದು ಬಗೆಯ ಜೀವಿಗಳನ್ನು ಏಕೆ ಉಂಟುಮಾಡಿದರು? ದೇವರ ಒಳ್ಳೆಯತನವನ್ನು ಯಾವ ಒಂದು ಜೀವಿಯೂ ಒಂಟಿಯಾಗಿ ತೋರಿಸಲಾರದು. ಒಂದರಲ್ಲಿ ಕೊರತೆಯಾದದ್ದನ್ನು ಇನ್ನೊಂದು ತುಂಬಲಿ ಎಂದೇ ಹಲವು ಬಗೆ ಎಂಬುದು ಅವರ ವಿಚಾರ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಈ ವಿಚಾರವನ್ನು ನೆನಪಿಸಿದರು. ಆ ಲೆಕ್ಕದಲ್ಲಿ ನೋಡಿದರೆ ಒಂದೂ ಹುಳವಿಲ್ಲದ ಅಂಗಳ ಚೊಕ್ಕಟವಾಗಿರಬಹುದು, ಆದರೆ ಮಾತು ನಿಂತ ಮನೆಯ ಹಾಗೆ.

ಎರಡನೆಯ ಪ್ರಶ್ನೆ ಇನ್ನೂ ಭಾರವಾದದ್ದು. ಕಾಡಂಚಿನಲ್ಲಿ ಕಬ್ಬು ಹಾಕಿರುವ ಒಬ್ಬ ಅಣ್ಣ ಕೇಳಿದರು: “ಪ್ರಾಣಿಗಳಿಗೆ ಜಾಗ ಮಾಡಿ ಅಂತ ಪೇಟೇಲಿರೋವ್ರಿಗೆ ಹೇಳ್ರಪ್ಪ. ರಾತ್ರಿಯೆಲ್ಲ ಅಟ್ಟಣೆ ಮ್ಯಾಲೆ ಕಾವಲು ಕೂತು ಬೆಳಗ್ಗೆ ತುಳ್ದೋಗಿರೋ ಕಬ್ಬು ನೋಡೋರು ನಾವು. ಇನ್ನೂ ಕರೀಬೇಕಾ ಅವನ್ನ?”

ನಮ್ಮ ತಾಳವಾಡಿ ಸೀಮೆ ಎಂಥದೆಂದು ಹೇಳಬೇಕಾಗಿಲ್ಲ. ಸುತ್ತ ಸತ್ಯಮಂಗಲದ ಕಾಡು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದದ್ದು. ಆ ಕಡೆ ಬಿಳಿಗಿರಿರಂಗನ ಬೆಟ್ಟ, ಈ ಕಡೆ ಮುದುಮಲೆ, ಬಂಡೀಪುರ. ಆನೆಗೆ ಇವೆಲ್ಲ ಒಂದೇ ಊರು. ನಡುವೆ ನಮ್ಮ ಹೊಲಗಳು. ಹೀಗಿರುವಾಗ ಸೃಷ್ಟಿಯನ್ನು ಪ್ರೀತಿಸಿ ಎಂದು ಉಪದೇಶ ಮಾಡುವುದು, ಬೇರೆಯವರ ಬೆಳೆಯನ್ನು ಕೊಟ್ಟು ಪುಣ್ಯ ಕಟ್ಟಿಕೊಂಡ ಹಾಗಾಗುತ್ತದೆ. ಇನ್ನೊಬ್ಬರ ಕಬ್ಬಿನಲ್ಲಿ ನಾವು ಮಾಡುವ ದಾನ ದಾನವೇ ಅಲ್ಲ. ಬೆಳೆ ಕಳೆದುಕೊಂಡವರಿಗೆ ಪರಿಹಾರ ಸಿಗಬೇಕು, ಸರಿಯಾದ ಕಂದಕ ಬೇಲಿ ಆಗಬೇಕು. ಅದನ್ನು ಕೇಳುವುದೂ ಕ್ರೈಸ್ತರ ಕರ್ತವ್ಯವೇ. ನೆರೆಯವನ ಹಸಿವನ್ನು ಮರೆತು ಹಕ್ಕಿಯ ಹಸಿವಿಗೆ ಮರುಗುವುದು ನಮ್ಮ ಧರ್ಮ ಕಲಿಸಿದ ಪ್ರೀತಿಯಲ್ಲ.

ಆದ್ದರಿಂದ ನಾವು ಕೇಳುತ್ತಿರುವುದು ಸಣ್ಣ ಸಂಗತಿ, ಮತ್ತು ಅದರ ಖರ್ಚು ಕೇಳಿದವರ ಮೇಲೆಯೇ ಬೀಳುವಂಥದು. ಆನೆ, ಕರಡಿಗಳನ್ನು ಮನೆ ಬಾಗಿಲಿಗೆ ಕರೆಯುವ ಗಿಡ ಬೇಡ. ಕಾಡಂಚಿನ ಮನೆಯವರು ಹಲಸು, ಬಾಳೆ, ಬೇಲಗಳನ್ನು ಅಂಗಳದಲ್ಲಿ ಹಾಕಬಾರದು. ನೇರಳೆ ಹಣ್ಣಿಗೆ ಕರಡಿ ಬರುತ್ತದೆ, ಅದೂ ಬೇಡ. ತಂಗಡಿ, ತುಂಬೆ, ಲಕ್ಕಿ, ಕರಿಬೇವು, ಹೊಂಗೆ ಇದ್ದರೆ ಸಾಕು. ಊರ ನಡುವಿನ ಮನೆಗಳಲ್ಲಿ ಜಾಗವಿದ್ದರೆ ನೇರಳೆಯೂ ಬರಲಿ. ಹಾವಿನ ಭಯವೂ ಸುಳ್ಳಲ್ಲ. ಹಾವು ಬರುವುದು ಹೆಚ್ಚಾಗಿ ಇಲಿಯ ಹಿಂದೆ. ಕಾಳಿನ ಮೂಟೆ, ಸೌದೆ, ಇಟ್ಟಿಗೆಯ ರಾಶಿ ಗೋಡೆಗೆ ಒತ್ತಿಕೊಂಡಿದ್ದರೆ ಸಿಮೆಂಟು ಅಂಗಳಕ್ಕೂ ಹಾವು ಬರುತ್ತದೆ. ಬಾಗಿಲ ಸುತ್ತ ಹತ್ತಡಿ ಬಯಲಾಗಿರಲಿ, ರಾತ್ರಿ ಹೊರಗೆ ಹೋಗುವಾಗ ಕೈಯಲ್ಲಿ ಟಾರ್ಚ್ ಇರಲಿ, ಗಿಡಗಳು ಅದರಾಚೆ ಇರಲಿ.

ಆ ಅಣ್ಣನ ಮಾತಿಗೂ ಅಂಗಳಕ್ಕೂ ಇನ್ನೊಂದು ನಂಟಿದೆ. ಅದು ಲಾಂಟಾನ, ತಮಿಳಿನಲ್ಲಿ ಉಣ್ಣಿಚ್ಚೆಡಿ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ನಮ್ಮ ದೇಶದ ತೋಟಗಳಿಗೆ ತಂದರು. ಬೇಲಿಗೆ ಒಳ್ಳೆಯದೆಂದು ಜನ ನೆಟ್ಟರು. ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಕಾಡಿಗೆ ಹೊತ್ತವು. ಇವತ್ತು ನಮ್ಮ ಕಾಡಿನಲ್ಲಿ ಅದು ಪೊದೆಪೊದೆಯಾಗಿ ನಿಂತಿದೆ. ಅದು ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ, ಮರದ ಸಸಿ ಮೇಲೆ ಬರುವುದಿಲ್ಲ. ಎಲೆ ಮೇಯಲು ಹೋದರೆ ದನಕ್ಕೆ ವಿಷ. ಹುಲ್ಲು ಕಡಿಮೆಯಾದರೆ ಜಿಂಕೆ, ಕಡವೆ, ಆನೆಗಳಿಗೆ ಮೇವು ಕಡಿಮೆ. ನಮ್ಮ ಬೇಲಿಯಲ್ಲಿ ಬೆಳೆದದ್ದು ಬೇಲಿಯಲ್ಲೇ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಲ್ಲಿಗೆ ಮೂರನೆಯ ಪ್ರಶ್ನೆ. ಕಾಲೇಜಿಗೆ ಹೋಗುವ ಒಬ್ಬ ತಂಗಿ ಕೇಳಿದ್ದು. ಇದು ನಮ್ಮನ್ನು ಬಹಳ ದಿನ ಕಾಡಿತು. “ಅಣ್ಣ, ಈ ನೆಲದ ಗಿಡ ಇರಲಿ, ಹೊರಗಿನಿಂದ ಬಂದದ್ದನ್ನ ಕೀಳಿ ಅಂತೀರಿ. ನಮ್ಮನ್ನೂ ಹೊರಗಿನ ಧರ್ಮದವರು ಅಂತಾರೆ. ತಮಿಳುನಾಡಲ್ಲಿದ್ಕೊಂಡು ಕನ್ನಡ ಮಾತಾಡ್ತೀವಿ ಅಂತ ಆ ಕಡೆಯವರು ಅಂತಾರೆ. ಗಿಡಕ್ಕೆ ನಾವೇ ಹಾಗಂದ್ರೆ ಹೆಂಗೆ?”

ಮೊದಲು ನಮ್ಮ ವಿಷಯ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಪಕ್ಕದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ನಮ್ಮ ಹಿರಿಯರು ಎಲ್ಲಿಗೂ ಹೋಗಲಿಲ್ಲ, ಅವರ ಮಾತೂ ಬದಲಾಗಲಿಲ್ಲ. ವಿಶ್ವಾಸದ ಮಾತಾದರೆ, 17ನೇ ಶತಮಾನದ ನಡುವಿನಲ್ಲಿ ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿ ಮೈಸೂರು ಸೀಮೆಗೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಬರೆದು ಶುಭಸಂದೇಶ ಸಾರಿದರು. ಬೀಜ ಹೊರಗಿನಿಂದ ಬಂದಿರಬಹುದು, ಮೊಳೆತದ್ದು ಈ ಮಣ್ಣಿನಲ್ಲಿ, ಈ ಭಾಷೆಯಲ್ಲಿ.

ಇನ್ನು ಗಿಡಗಳ ವಿಷಯ. ‘ಇದು ನಮ್ಮದು, ಅದು ಹೊರಗಿನದು’ ಎಂದು ಗೆರೆ ಎಳೆಯಲು ಕೂತರೆ ನಮ್ಮ ತಟ್ಟೆಯೇ ಖಾಲಿಯಾಗುತ್ತದೆ. ನಮ್ಮ ಮುದ್ದೆಯ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದದ್ದು. ಹುಣಸೆಯ ಮೂಲವೂ ಆಫ್ರಿಕವೇ. ಮೆಣಸಿನಕಾಯಿ ಪೋರ್ಚುಗೀಸರೊಂದಿಗೆ ಅಮೆರಿಕದಿಂದ ಬಂತು. ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ ಎಲ್ಲವೂ ಆ ಕಡೆಯವೇ. ಹಬ್ಬದ ದಿನ ಮಾತೆ ಮರಿಯಮ್ಮನ ತೇರಿಗೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೊ. ಇವನ್ನೆಲ್ಲ ಯಾರೂ ಕೀಳಬೇಕಾಗಿಲ್ಲ. ಸಾವಿರಾರು ವರ್ಷ ಇಲ್ಲಿದ್ದ ಗಿಡದ ಜೊತೆ ಇಲ್ಲಿಯ ಹುಳ ಹಕ್ಕಿಗಳಿಗೆ ಹಳೆಯ ನಂಟಿರುವುದರಿಂದ ನಾವು ತಂಗಡಿ, ಕಕ್ಕೆ, ಹೊಂಗೆಗಳನ್ನು ಹುಡುಕಿ ನೆಡುತ್ತೇವೆ. ಅದು ಜಾತಿ ಶುದ್ಧಿಯ ಮಾತಲ್ಲ, ಹೆಚ್ಚು ಜನಕ್ಕೆ ಊಟ ಸಿಗುತ್ತದೆಂಬ ಲೆಕ್ಕ.

ಲಾಂಟಾನವನ್ನು ಕೀಳುವುದೂ ಅದು ದೂರದಿಂದ ಬಂತೆಂದಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅದರ ಹೂವಿನ ಜೇನನ್ನು ಚಿಟ್ಟೆಗಳು ಕುಡಿಯುತ್ತವೆ, ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ. ಆದರೆ ತಾನು ನಿಂತ ಕಡೆ ಅದು ಇನ್ನೊಂದಕ್ಕೆ ಜಾಗ ಬಿಡುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ: ನೀನು ಬಂದ ಮೇಲೆ ನಿನ್ನ ಪಕ್ಕದಲ್ಲಿ ಇನ್ನೊಬ್ಬರು ಬದುಕಬಹುದೇ?

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಗಿಡದ ಮೇಲಿನ ಮಾತನ್ನು ಮನುಷ್ಯರ ಮೇಲೆ ಹಾಕುವಂತಿಲ್ಲ. ಗಿಡವನ್ನು ಕೀಳಬಹುದು, ಯಾವ ಮನುಷ್ಯನನ್ನೂ ಯಾವ ಕಾರಣಕ್ಕೂ ಕೀಳಬೇಕಾದ ಕಳೆ ಎನ್ನುವ ಹಕ್ಕು ಯಾರಿಗೂ ಇಲ್ಲ. ಮನುಷ್ಯನಿಗೆ ಬದಲಾಗುವ ಶಕ್ತಿಯಿದೆ, ಜಾಗ ಬಿಟ್ಟುಕೊಡುವ ಮನಸ್ಸನ್ನು ದೇವರು ಇಟ್ಟಿದ್ದಾರೆ. ಆದ್ದರಿಂದ ಆ ಪ್ರಶ್ನೆಯನ್ನು ಬೇರೆಯವರಿಗೆ ಕೇಳದೆ ನಮಗೇ ಕೇಳಿಕೊಳ್ಳೋಣ. ನಮ್ಮ ಮನೆ, ನಮ್ಮ ಕೂಟ, ನಮ್ಮ ದೇವಾಲಯದ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಉಳಿದಿದೆಯೇ?

ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಬೈಬಲ್ ತೆರೆದಾಗ ನಮಗೆ ದಾರಿ ಕಂಡದ್ದು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ಕೊಯ್ಲಿನ ಹೊತ್ತಿನಲ್ಲಿ ಹೊಲದ ಅಂಚಿನವರೆಗೂ ಕೊಯ್ಯಬಾರದು, ಬಿದ್ದ ತೆನೆಯನ್ನು ಆಯಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬ ಆಜ್ಞೆ ಅಲ್ಲಿದೆ. ವಿಮೋಚನಾಕಾಂಡದ 23ನೇ ಅಧ್ಯಾಯ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಏಳನೆಯ ವರ್ಷ ಭೂಮಿಗೆ ಬಿಡುವು ಕೊಡಬೇಕು, ಬೆಳೆದದ್ದನ್ನು ಬಡವರು ತಿನ್ನಲಿ, ಉಳಿದದ್ದು ಕಾಡುಪ್ರಾಣಿಗಳಿಗೆ. ಬಡವ, ಪರದೇಶಿ, ಕಾಡುಪ್ರಾಣಿ. ನಮ್ಮ ಊರಿನ ಮೂರು ಪ್ರಶ್ನೆಗಳಲ್ಲಿದ್ದವರೂ ಇವರೇ.

ಗಮನಿಸಿ, ಆ ಆಜ್ಞೆ ಹೊಲವನ್ನು ಕಿತ್ತುಕೊಳ್ಳುವುದಿಲ್ಲ. ನಡುವಿನ ಬೆಳೆ ಒಡೆಯನದೇ, ಅವನು ದುಡಿದದ್ದು. ಅಂಚನ್ನು ಮಾತ್ರ ಬಿಡಬೇಕು. ಅವನಿಗೆ ಕನಿಕರ ಬಂದ ದಿನ ಕೊಡುವ ಭಿಕ್ಷೆಯೂ ಅಲ್ಲ ಅದು; ಮೊದಲಿನಿಂದಲೂ ಅವನದಲ್ಲದ ಪಾಲು. ಪಟ್ಟಾದಲ್ಲಿ ನಮ್ಮ ಹೆಸರಿರಬಹುದು, ಆದರೆ ಭೂಮಿ ತಮ್ಮದೆಂದೂ ನಾವು ಅದರಲ್ಲಿ ಇಳಿದುಕೊಂಡವರೆಂದೂ ದೇವರು ಅದೇ ಪುಸ್ತಕದಲ್ಲಿ ಮುಂದೆ ನೆನಪಿಸುತ್ತಾರೆ.

ಆ ಅಂಚಿನಿಂದ ಏನಾಯಿತೆಂದು ರೂತಳ ಕಥೆಯಲ್ಲಿದೆ. ಮೋವಾಬ್ ನಾಡಿನ ಹೆಣ್ಣು, ಗಂಡನನ್ನು ಕಳೆದುಕೊಂಡವಳು, ಅತ್ತೆಯ ಜೊತೆ ಪರ ಊರಿಗೆ ಬಂದವಳು. ಬೋವಜನ ಹೊಲದಲ್ಲಿ ಬಿಟ್ಟ ತೆನೆ ಆಯ್ದು ಬದುಕಿದಳು. ಅವಳ ಮರಿಮಗ ದಾವೀದ. ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿಯ ವಂಶಾವಳಿಯಲ್ಲಿ ಆ ಪರದೇಶಿ ಹೆಣ್ಣಿನ ಹೆಸರಿದೆ. ಬೋವಜ ಅಂಚಿನವರೆಗೂ ಕೊಯ್ದುಬಿಟ್ಟಿದ್ದರೆ? ಬಿಟ್ಟ ಜಾಗದಲ್ಲಿ ದೇವರು ಏನು ಮಾಡುತ್ತಾರೆಂದು ಬಿಟ್ಟವನಿಗೆ ಮೊದಲೇ ತಿಳಿದಿರುವುದಿಲ್ಲ.

ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ಕೈತೋಟದಲ್ಲಿ ಒಂದು ಭಾಗವನ್ನು ಅಗೆಯದೆ, ತರಕಾರಿ ಹಾಕದೆ ಬಿಡಲು ಹೇಳಿದ್ದರಂತೆ, ಕಾಡುಹೂ, ಹುಲ್ಲು ತಾವಾಗಿ ಬೆಳೆಯಲೆಂದು. ತೋಟ ಬೇಡವೆನ್ನಲಿಲ್ಲ, ಸಹೋದರರಿಗೆ ಸೊಪ್ಪು ತರಕಾರಿ ಬೇಕಲ್ಲ. ಒಂದು ಪಾಲು ಮಾತ್ರ ಬಿಡಲು ಹೇಳಿದರು. ನಾವೂ ಅಂಥ ಅಂಚಿನಲ್ಲೇ ಇರುವವರು. ನಮ್ಮ ಧರ್ಮಕ್ಷೇತ್ರದ ದೊಡ್ಡ ಭಾಷೆ ತಮಿಳು. ಆದರೂ ಬಲಿಪೂಜೆಯಲ್ಲಿ ಕನ್ನಡಕ್ಕೆ ಜಾಗವಿದೆ, ಈ ಪತ್ರಿಕೆಗೂ ಜಾಗವಿದೆ. ನಮಗೆ ಮುಂಚೆ ಇದ್ದವರು ಯಾರೋ ಎಲ್ಲವನ್ನೂ ಕೊಯ್ದುಕೊಳ್ಳದೆ ಬಿಟ್ಟಿದ್ದರಿಂದ ಇದು ಉಳಿಯಿತು. ಪಡೆದವರು ಬಿಡುವುದನ್ನೂ ಕಲಿಯಬೇಕು.

ಹಾಗಾಗಿ ಪ್ರತಿ ಮನೆಯಲ್ಲಿ ನಮ್ಮ ಬೇಡಿಕೆ ಇಷ್ಟು. ಅಂಗಳದ ಅಥವಾ ಹಿತ್ತಲಿನ ಒಂದು ಬದಿಯಲ್ಲಿ, ಗೋಡೆಗುಂಟ, ಮೂರಡಿ ಅಗಲದ ಜಾಗ ಬಿಡಿ. ಅಲ್ಲಿಗೆ ಕಳೆನಾಶಕ ಬೇಡ, ಸಿಮೆಂಟು ಬೇಡ, ಬೆಂಕಿ ಬೇಡ. ಉದುರಿದ ಎಲೆಯನ್ನು ಅಲ್ಲಿಗೇ ತಳ್ಳಿ. ಎರೆಹುಳು ಅದನ್ನು ಗೊಬ್ಬರ ಮಾಡುತ್ತದೆ. ಲಾಂಟಾನ, ಕಾಂಗ್ರೆಸ್ ಗಿಡ ಇದ್ದರೆ ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಬೀಜ ಕಟ್ಟುವ ಮೊದಲೇ ಬೇರುಸಹಿತ ಕಿತ್ತು, ಕಿತ್ತ ಜಾಗವನ್ನು ಖಾಲಿ ಬಿಡದೆ ಬೇರೆ ಗಿಡ ನೆಡಿ. ಕಾಂಗ್ರೆಸ್ ಗಿಡ ಕೀಳುವಾಗ ಕೈಗೆ ಚೀಲ ಸುತ್ತಿಕೊಳ್ಳಿ, ಕೆಲವರಿಗೆ ಮೈ ತುರಿಸುತ್ತದೆ. ಎಕ್ಕ ಇರುವ ಮನೆಯಲ್ಲಿ ಅದರ ಹಾಲು ಮಕ್ಕಳ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ನಡುವೆ ಒಂದು ಕಲ್ಲಿರಲಿ; ಜೇನುನೊಣ ಮುಳುಗದೆ ಕೂತು ಕುಡಿಯಲಿ. ಸೊಳ್ಳೆಯಾಗದಂತೆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ಬಾಡಿಗೆ ಮನೆಯವರು, ಅಂಗಳವೇ ಇಲ್ಲದವರು ಒಂದು ಕುಂಡದಲ್ಲಿ ಕರಿಬೇವು ಬೆಳೆಸಿದರೂ ಸಾಕು. ಅದರ ಅರ್ಧ ಎಲೆ ಸಾರಿಗೆ, ಅರ್ಧ ಹುಳಕ್ಕೆ.

ನಾವು ಯುವಜನರು ತಂಗಡಿ, ಕಕ್ಕೆ, ಹೊಂಗೆ, ಲಕ್ಕಿ, ಕರಿಬೇವಿನ ಸಸಿಗಳನ್ನು ಮಾಡಿಟ್ಟಿದ್ದೇವೆ. ಈ ತಿಂಗಳ ಭಾನುವಾರಗಳಲ್ಲಿ ಕನ್ನಡ ಪೂಜೆಯ ನಂತರ ದೇವಾಲಯದ ಬಾಗಿಲ ಬಳಿ ಸಿಗುತ್ತವೆ, ಹಣ ಕೊಡಬೇಕಾಗಿಲ್ಲ. ಗುಂಡಿ ತೆಗೆಯಲು ಕೈಲಾಗದ ಹಿರಿಯರು ಹೇಳಿ ಕಳಿಸಿದರೆ ನಾವೇ ಬಂದು ನೆಟ್ಟು ಕೊಡುತ್ತೇವೆ. ಅಂಗಳದ ನಡುವನ್ನು ಗುಡಿಸಿಯೂ ಕೊಡುತ್ತೇವೆ.